ಅಟ್ಟದ ಮೇಲಿನ ಲ್ಯಾಪ್‌ಟಾಪ್ ಮನೆಯ ಹಾಡಿನ ಸರ್ವರ್ ಆಗೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿದೆ. 2010ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಅಟ್ಟದ ಮೇಲೆ, ಖಾಲಿ ಅಡಿಕೆ ಚೀಲಗಳ ಪಕ್ಕ ಐದು ವರ್ಷ ಬಿದ್ದಿತ್ತು. ಒಂದು ಕಡೆಯ ಹಿಂಜ್ ಮುರಿದಿತ್ತು. ಕೀಬೋರ್ಡ್‌ನಲ್ಲಿ ಅರ್ಧ ಕೀಲಿ ಕೆಲಸ ಮಾಡುತ್ತಿರಲಿಲ್ಲ. ಈಗ ಅದು ಟಿವಿ ಸ್ಟ್ಯಾಂಡಿನ ಕೆಳಗೆ ಕೂತು ಹಗಲು ರಾತ್ರಿ ಹಾಡು ಕೊಡುತ್ತಿದೆ. ಮನೆಗೆ ಬಂದವರು, ಫೋನಿನಲ್ಲಿ ವಿಷಯ ಕೇಳಿದವರು ಎಲ್ಲರೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಹಾಡಿನ ಸರ್ವರ್ ಅಂದ್ರೆ ಏನು? ಪೆನ್‌ಡ್ರೈವ್‌ಗಿಂತ ಹೇಗೆ ಬೇರೆ?

ನಿಮ್ಮ ಹಾಡುಗಳೆಲ್ಲ ಒಂದು ಕಂಪ್ಯೂಟರಿನಲ್ಲಿ ಇರುತ್ತವೆ. ಆ ಕಂಪ್ಯೂಟರ್ ಸದಾ ಚಾಲೂ ಇರುತ್ತದೆ. ಮನೆಯ ವೈಫೈನಲ್ಲಿರುವ ಯಾವ ಫೋನ್, ಟಿವಿ, ಟ್ಯಾಬ್ ಆದರೂ ಅದನ್ನು ಕೇಳಿ ಹಾಡು ತರಿಸಿಕೊಳ್ಳಬಹುದು. ನೋಡೋಕೆ ದೊಡ್ಡ ಕಂಪನಿಗಳ ಆ್ಯಪ್ ಥರವೇ ಇರುತ್ತದೆ. ಆಲ್ಬಂ ಚಿತ್ರ, ಹುಡುಕಾಟ, ಪ್ಲೇಲಿಸ್ಟ್ ಎಲ್ಲ ಇದೆ. ಜಾಹೀರಾತು ಇಲ್ಲ. ಪೆನ್‌ಡ್ರೈವ್ ಒಂದೇ ಕಡೆ ಚುಚ್ಚಿರಬೇಕು, ಇದು ಐದು ಜನ ಐದು ಕೋಣೆಯಲ್ಲಿ ಬೇರೆ ಬೇರೆ ಹಾಡು ಕೇಳಿದರೂ ಸುಧಾರಿಸುತ್ತದೆ.

ತಿಂಗಳಿಗೆ ನೂರು ಚಿಲ್ಲರೆ ಕೊಟ್ಟರೆ ಆ್ಯಪ್‌ನಲ್ಲಿ ಎಲ್ಲ ಸಿಗುತ್ತಲ್ವಾ? ಇಷ್ಟೆಲ್ಲ ಯಾಕೆ?

ಹೊಸ ಸಿನಿಮಾ ಹಾಡು ಮಾತ್ರ ಕೇಳುವವರಾದರೆ ಆ್ಯಪ್ ಸಾಕು. ಸುಮ್ನೆ ಈ ತಲೆನೋವು ಬೇಡ. ನಾನೂ ಒಂದು ಆ್ಯಪ್‌ಗೆ ಈಗಲೂ ದುಡ್ಡು ಕಟ್ಟುತ್ತೇನೆ.

ನನ್ನ ಕಾರಣ ಬೇರೆ. ಅಪ್ಪನ ಹತ್ತಿರ ಎರಡು ಶೂ ಡಬ್ಬ ತುಂಬ ತಾಳಮದ್ದಳೆ ಕ್ಯಾಸೆಟ್‌ಗಳಿದ್ದವು. ಊರಿನ ದೇವಸ್ಥಾನದಲ್ಲಿ, ಯಾರದೋ ಮನೆಯ ಅಂಗಳದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು. ಅಜ್ಜಿ ಹೇಳಿದ ಮದುವೆ ಹಾಡುಗಳ ಒಂದು ಕ್ಯಾಸೆಟ್ ಇತ್ತು. ಇವು ಯಾವ ಆ್ಯಪ್‌ನಲ್ಲೂ ಸಿಗೋದಿಲ್ಲ. ಇನ್ನೊಂದು ಸಂಗತಿ: ಆ್ಯಪ್ ಒಂದರಲ್ಲಿ ನಾಲ್ಕು ವರ್ಷ ಕೂಡಿಟ್ಟ ನನ್ನ ಪ್ಲೇಲಿಸ್ಟ್‌ನಲ್ಲಿ ಒಂದು ದಿನ ಇಪ್ಪತ್ತಕ್ಕೂ ಜಾಸ್ತಿ ಹಾಡು ಬೂದು ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಹಾಡುತ್ತಿರಲಿಲ್ಲ. ಅಲ್ಲಿ ನಮ್ಮದು ಬರೀ ಬಾಡಿಗೆ. ಮಾಲೀಕ ಬೀಗ ಹಾಕಿದರೆ ಕೇಳುವಂತಿಲ್ಲ.

ನನ್ನ ಹಳೇ ಕಂಪ್ಯೂಟರ್ ಆಗುತ್ತಾ?

ಬಹುಪಾಲು ಆಗುತ್ತೆ. ಹಾಡು ಕಳಿಸೋದು ಕಂಪ್ಯೂಟರಿಗೆ ತೀರಾ ಹಗುರ ಕೆಲಸ. ಸಿಡಿ ಗುಣಮಟ್ಟದ ಹಾಡಿಗೂ ಸೆಕೆಂಡಿಗೆ ಒಂದು ಮೆಗಾಬಿಟ್ ಆಸುಪಾಸು ಸಾಕು. ಹದಿನೈದು ವರ್ಷದ ಹಿಂದಿನ 100 ಮೆಗಾಬಿಟ್ ಲ್ಯಾನ್ ಪೋರ್ಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ರ‍್ಯಾಮ್ 2 ಜಿಬಿ ಇದ್ದರೆ ನೆಮ್ಮದಿ.

ನೋಡಬೇಕಾದ್ದು ಒಂದೇ, ಪ್ರೊಸೆಸರ್ 64 ಬಿಟ್‌ನದಾ ಅಂತ. 2006ರಲ್ಲಿ ಬಂದ ಕೋರ್ 2 ಡ್ಯುಯೊ ಮತ್ತು ಅದರ ನಂತರದ ಕೋರ್ ಸರಣಿಯವೆಲ್ಲ 64 ಬಿಟ್. 2008–09ರ ಸುಮಾರಿಗೆ ಬಂದ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆ್ಯಟಮ್ ಎನ್270 ಮಾತ್ರ 32 ಬಿಟ್‌ನದು. ಅಂಥದ್ದು ಇದ್ದರೂ ಎಸೆಯಬೇಡಿ, ಮುಂದೆ ಹೇಳುತ್ತೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. 11ಕ್ಕೆ ಏರಲಾಗದ ಲ್ಯಾಪ್‌ಟಾಪ್‌ಗಳು ಈಗ ಬೇಕಾದಷ್ಟು ಮನೆಗಳಲ್ಲಿವೆ. ಅವು ಈ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಗಟ್ಟಿ.

ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್ ಎರಡೂ ಇದ್ದರೆ ಲ್ಯಾಪ್‌ಟಾಪ್ ಆರಿಸಿ. ಕರೆಂಟ್ ಕಡಿಮೆ, ಸದ್ದು ಕಡಿಮೆ. ಪರದೆ ಒಡೆದಿದ್ದರೂ ಪರವಾಗಿಲ್ಲ. ಶುರುವಿನಲ್ಲಿ ಟಿವಿಗೆ ಜೋಡಿಸಿ ಕೆಲಸ ಮುಗಿಸಿದರೆ ಆಮೇಲೆ ಪರದೆಯೇ ಬೇಕಾಗೋದಿಲ್ಲ.

ಚಾಲೂ ಮಾಡೋ ಮೊದಲು ಬಿಚ್ಚಿ ನೋಡಬೇಕಾ?

ನೋಡಿ. ನನ್ನದರ ಫ್ಯಾನಿನಲ್ಲಿ ದೂಳು ಕಂಬಳಿ ಥರ ಕೂತಿತ್ತು, ಜೊತೆಗೆ ಸತ್ತ ಜಿರಲೆ ಒಂದು. ಒಣ ಪೇಂಟ್ ಬ್ರಶ್ ತಗೊಂಡು ನಿಧಾನ ಗುಡಿಸಿದರೆ ಸಾಕು. ಊದುವಾಗ ಫ್ಯಾನನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಅದು ಹುಚ್ಚು ಹಿಡಿದಂತೆ ತಿರುಗಬಾರದು.

ಬ್ಯಾಟರಿ ಉಬ್ಬಿದೆಯಾ ಅಂತ ಮೊದಲು ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಉಬ್ಬಿದೆ ಅಂತಲೇ ಅರ್ಥ. ಅದನ್ನು ತೆಗೆದು ಇ-ತ್ಯಾಜ್ಯಕ್ಕೆ ಕೊಡಿ. ಚುಚ್ಚೋದು, ಒತ್ತೋದು ಬೇಡ. ಇದೊಂದರಲ್ಲಿ ಜಿಪುಣತನ ಮಾಡಬೇಡಿ, ಮನೆ ಮರದ್ದು ಅನ್ನೋದು ನೆನಪಿರಲಿ.

ಮದರ್‌ಬೋರ್ಡ್ ಮೇಲಿನ ಗುಂಡಗಿನ ಸೆಲ್ ಸತ್ತಿರುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಅದು ಸಿಆರ್2032. ಪ್ರತಿ ಸಲ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಅದರದ್ದೇ ಕೆಲಸ. ವಾಚ್ ಅಂಗಡಿಯಲ್ಲಿ ಸಿಗುತ್ತದೆ.

ಒಟ್ಟು ಖರ್ಚು ಎಷ್ಟಾಯ್ತು?

ನನಗೆ ಬಿದ್ದದ್ದು ಹೀಗೆ: 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) 1,600 ರೂಪಾಯಿ, ಹಳೇ ರ‍್ಯಾಮ್ ಒಂದು ಕಡ್ಡಿ 500, ಸೆಲ್ 40, ಲ್ಯಾನ್ ಕೇಬಲ್ 150. ರ‍್ಯಾಮ್ ಅನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಮ್ಮ ತಂದ. ಹಾಡು ಇಡೋಕೆ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ಮನೆಯಲ್ಲೇ ಇತ್ತು.

ಎಸ್‌ಎಸ್‌ಡಿ ಹಾಕಲೇಬೇಕು ಅಂತಿಲ್ಲ. ಆದರೆ ಹತ್ತು ವರ್ಷ ತಿರುಗಿದ ಹಾರ್ಡ್ ಡಿಸ್ಕ್ ನಂಬಬೇಡಿ. ಒಳಗಿನಿಂದ ಟಿಕ್ ಟಿಕ್ ಅಂತ ಬಂದರೆ ಅದರಲ್ಲಿದ್ದದ್ದನ್ನು ಅವತ್ತೇ ಬೇರೆ ಕಡೆ ತೆಗೆದಿಡಿ.

ದಿನವಿಡೀ ಚಾಲೂ ಇದ್ದರೆ ಕರೆಂಟ್ ಬಿಲ್?

ಪ್ಲಗ್‌ಗೆ ಹಾಕೋ ಮೀಟರ್ ಇಟ್ಟು ನೋಡಿದೆ. ಪರದೆ ಆರಿಸಿದ ಮೇಲೆ ನನ್ನ ಲ್ಯಾಪ್‌ಟಾಪ್ 18 ವ್ಯಾಟ್ ತಗೊಳ್ಳುತ್ತದೆ. ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ ಸುಮಾರು 13 ಯೂನಿಟ್. ಸುಮ್ಮನಿದ್ದಾಗಲೂ 70 ವ್ಯಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ಆದರೆ 50 ಯೂನಿಟ್. ಅದಕ್ಕೇ ಲ್ಯಾಪ್‌ಟಾಪ್ ಅಂದಿದ್ದು.

ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಲೆಕ್ಕ ಹಾಕಲೇಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ನಿಮ್ಮದು ಈಗಲೇ 190ರ ಆಸುಪಾಸು ಇದ್ದರೆ ಈ ಹದಿಮೂರು ಯೂನಿಟ್ ತುಂಬ ದುಬಾರಿಯ ಹದಿಮೂರು. ಅಂಥವರು ರಾತ್ರಿ ಹನ್ನೊಂದಕ್ಕೆ ತಾನೇ ಆಫ್ ಆಗುವಂತೆ ಮಾಡಿ. ಬೆಳಿಗ್ಗೆ ಎದ್ದವರು ಯಾರಾದರೂ ಗುಂಡಿ ಒತ್ತಲಿ.

ವಿಂಡೋಸ್ ಇರಲಿಯಾ, ಲಿನಕ್ಸ್ ಹಾಕಲಾ?

ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ. ಅದರಲ್ಲಿ ನಾನು ಬಳಸುವುದು ಡೆಬಿಯನ್ ಅನ್ನುವ ಬಗೆ. ಅನುಸ್ಥಾಪಿಸುವಾಗ ಡೆಸ್ಕ್‌ಟಾಪ್ (ಮೌಸ್ ಹಿಡಿದು ಬಳಸುವ ಚಿತ್ರದ ಪರದೆ) ಬೇಕಾ ಅಂತ ಕೇಳುತ್ತದೆ, ಟಿಕ್ ತೆಗೆದುಬಿಡಿ. ಎಸ್‌ಎಸ್‌ಎಚ್ ಸರ್ವರ್ ಅಂತ ಇರುವುದಕ್ಕೆ ಟಿಕ್ ಹಾಕಿ. ಆಮೇಲೆ ಬೇರೆ ಕಂಪ್ಯೂಟರಿನಿಂದಲೇ ಇದರೊಳಗೆ ಹೋಗಿ ಎಲ್ಲ ಮಾಡಬಹುದು.

32 ಬಿಟ್‌ನ ಹಳೇ ನೆಟ್‌ಬುಕ್ ಇದ್ದವರಿಗೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದ್ದಾರೆ. ನೀವು 12ನ್ನು ಹಾಕಿಕೊಳ್ಳಿ.

ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ನೋಡಿದರೆ ಹೆದರಿಕೆ ಅನ್ನುವವರು ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಸ್ವಲ್ಪ ಭಾರ, ಆದರೆ ಮೌಸ್ ಹಿಡಿದು ಮಾಡೋ ಸೌಕರ್ಯ ಇದೆ.

ಹಾಡು ಕೊಡುವ ತಂತ್ರಾಂಶ ಯಾವುದು?

ನ್ಯಾವಿಡ್ರೋಮ್. ಉಚಿತ, ಮುಕ್ತ ತಂತ್ರಾಂಶ, ಹಗುರ. ನಿಮ್ಮ ಹಾಡಿನ ಫೋಲ್ಡರನ್ನು ಓದುತ್ತದೆ ಅಷ್ಟೇ, ಫೈಲ್‌ಗಳನ್ನು ಮುಟ್ಟೋದಿಲ್ಲ. ಇದು ಸಬ್‌ಸಾನಿಕ್ ಅನ್ನೋ ಹಳೇ ಸರ್ವರಿನ ಭಾಷೆ ಮಾತಾಡುತ್ತದೆ. ಹಾಗಾಗಿ ಆ ಭಾಷೆ ಗೊತ್ತಿರುವ ಯಾವ ಆ್ಯಪ್ ಆದರೂ ನಡೆಯುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ ಇದೆ, ದುಡ್ಡು ಕೊಡಬೇಕು, ಕೊಡಬಹುದಾದ ಆ್ಯಪ್. ಅಲ್ಟ್ರಾಸಾನಿಕ್ ಉಚಿತ. ಐಫೋನಿಗೆ ಆಂಪರ್ಫೈ ಇದೆ. ಏನೂ ಬೇಡ ಅಂದರೆ ಬ್ರೌಸರಿನಲ್ಲೇ ಕೇಳಬಹುದು.

ಸಿನಿಮಾ, ಮನೆಯ ವಿಡಿಯೊ ಕೂಡ ಬೇಕು ಅನ್ನುವವರು ಜೆಲ್ಲಿಫಿನ್ ನೋಡಿ. ಹಳೇ ಯಂತ್ರದಲ್ಲಿ ವಿಡಿಯೊ ತಿಣುಕಾಡುತ್ತದೆ, ಅದಕ್ಕೆ ನಾನು ಹೋಗಲಿಲ್ಲ. ಲಿರಿಯನ್ ಮ್ಯೂಸಿಕ್ ಸರ್ವರ್ ಅಂತ ಇನ್ನೊಂದಿದೆ, ಮೊದಲು ಲಾಜಿಟೆಕ್ ಮೀಡಿಯಾ ಸರ್ವರ್ ಎಂಬ ಹೆಸರಿತ್ತು. ಕೋಣೆ ಕೋಣೆಗೂ ಸ್ಪೀಕರ್ ಇಟ್ಟು ಎಲ್ಲ ಕಡೆ ಒಟ್ಟಿಗೆ ಹಾಡಿಸುವವರಿಗೆ ಅದು ಚೆನ್ನ.

ಎಲ್ಲ ಸೇರಿ ಎಷ್ಟು ಹೊತ್ತಿನ ಕೆಲಸ?

ಯಂತ್ರದ ಕೆಲಸ ಒಂದು ಸಂಜೆ. ಹಾಡಿನ ಕೆಲಸ ಒಂದು ಮಳೆಗಾಲ.

ಸಂಜೆಯ ಕೆಲಸ ಇಷ್ಟು: ಪೆನ್‌ಡ್ರೈವ್‌ನಿಂದ ಡೆಬಿಯನ್ ಹಾಕಿ. ನ್ಯಾವಿಡ್ರೋಮ್‌ನ ಡೆಬಿಯನ್ ಪ್ಯಾಕೇಜ್ ಇಳಿಸಿ ಹಾಕಿ. ಅದರ ಸೆಟ್ಟಿಂಗ್ ಫೈಲಿನಲ್ಲಿ ಹಾಡಿನ ಫೋಲ್ಡರ್ ಎಲ್ಲಿದೆ ಅಂತ ಒಂದು ಸಾಲು ಬರೆಯಿರಿ. ರೂಟರಿನ ಪುಟಕ್ಕೆ ಹೋಗಿ ಈ ಯಂತ್ರಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವಂತೆ ಕಾಯ್ದಿರಿಸಿ. ಇದನ್ನು ಮರೆತವರು ಒಂದು ವಾರ ಬಿಟ್ಟು "ನಿನ್ನೆವರೆಗೆ ಬರ್ತಿತ್ತು, ಇವತ್ತು ಬರ್ತಿಲ್ಲ" ಅಂತ ಫೋನ್ ಮಾಡುತ್ತಾರೆ. ಆಮೇಲೆ ಫೋನಿನ ಬ್ರೌಸರಿನಲ್ಲಿ ಆ ವಿಳಾಸ, ಮುಂದೆ ಎರಡು ಚುಕ್ಕೆ (:), 4533 ಅಂತ ಹೊಡೆದರೆ ಪುಟ ತೆರೆಯುತ್ತದೆ. ಮೊದಲು ತೆರೆದವರು ಮಾಡುವ ಖಾತೆಯೇ ಯಜಮಾನನ ಖಾತೆ ಆಗುತ್ತದೆ. ಹಾಗಾಗಿ ಮಕ್ಕಳ ಕೈಗೆ ಫೋನ್ ಹೋಗುವ ಮುಂಚೆ ನೀವೇ ಮಾಡಿಬಿಡಿ.

ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸುವವರಿಗೆ ಒಂದು ಮಾತು. ಅದು ಸಿಗದಿದ್ದರೂ ಯಂತ್ರ ಶುರುವಾಗಲಿ ಅಂತ ಡಿಸ್ಕ್ ಜೋಡಿಸುವ ಮೌಂಟ್ ಪಟ್ಟಿಯಲ್ಲಿ (fstab ಫೈಲ್) ‘ನೋಫೇಲ್’ ಎಂಬ ಪದ ಸೇರಿಸಬೇಕು. ಇಲ್ಲದಿದ್ದರೆ ಕೇಬಲ್ ಸಡಿಲವಾದ ದಿನ ಕಂಪ್ಯೂಟರ್ ಅರ್ಧಕ್ಕೇ ನಿಂತು ಕಾಯುತ್ತಾ ಕೂರುತ್ತದೆ. ನನಗೆ ಇದು ಗೊತ್ತಾಗಲು ಎರಡು ದಿನ ಹಿಡಿಯಿತು.

ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಹಾಡು ನಿಲ್ಲುತ್ತಲ್ಲ?

ಮುಚ್ಚಳ ಹಾಕಿದರೆ ನಿದ್ದೆ ಮಾಡು ಅನ್ನೋದು ಅದರ ಅಭ್ಯಾಸ. ಡೆಬಿಯನ್‌ನಲ್ಲಿ ‘ಲಾಗಿನ್‌ಡಿ’ ಸೆಟ್ಟಿಂಗ್ ಫೈಲ್ ತೆರೆದು ‘ಹ್ಯಾಂಡಲ್ ಲಿಡ್ ಸ್ವಿಚ್’ ಅನ್ನುವ ಸಾಲಿನ ಮುಂದಿನ ಹ್ಯಾಶ್ (#) ಗುರುತು ಅಳಿಸಿ, ಮೌಲ್ಯವನ್ನು ‘ಇಗ್ನೋರ್’ ಅಂತ ಬದಲಿಸಿ. ಒಮ್ಮೆ ರೀಸ್ಟಾರ್ಟ್. ಮುಗೀತು. ಮುಚ್ಚಿದ ಮೇಲೆ ಗಾಳಿ ಆಡುವ ಜಾಗದಲ್ಲಿಡಿ, ಹಾಸಿಗೆ ಬಟ್ಟೆ ಮೇಲೆ ಬೇಡ.

ಎಂಪಿ3 ಸಾಕಾ, ಫ್ಲ್ಯಾಕ್ ಬೇಕಾ?

ಸಿಡಿಯಲ್ಲಿರುವ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್. ಅಂದರೆ ನಿಮಿಷಕ್ಕೆ 10 ಎಂಬಿ ಲೆಕ್ಕ. ಫ್ಲ್ಯಾಕ್ ಅದನ್ನು ಒಂದಿಷ್ಟೂ ಕಳೆಯದೆ ಸರಿಸುಮಾರು ಅರ್ಧಕ್ಕೆ ಮಡಚಿಡುತ್ತದೆ. 320 ಕಿಲೋಬಿಟ್‌ನ ಎಂಪಿ3 ನಿಮಿಷಕ್ಕೆ 2.4 ಎಂಬಿ, ಆದರೆ ಸ್ವಲ್ಪ ಭಾಗವನ್ನು ಬಿಸಾಕಿರುತ್ತದೆ.

ನನ್ನ ನಿಯಮ ಸರಳ. ಸಿಡಿಯಿಂದ, ಕ್ಯಾಸೆಟ್‌ನಿಂದ ನಾನೇ ಇಳಿಸುವುದೆಲ್ಲ ಫ್ಲ್ಯಾಕ್. ಯಾಕೆಂದರೆ ಆ ಕೆಲಸ ಎರಡನೇ ಸಲ ಮಾಡುವ ತಾಳ್ಮೆ ನನಗಿಲ್ಲ. ಮೊದಲೇ ಎಂಪಿ3 ಆಗಿರುವುದನ್ನು ಹಾಗೇ ಬಿಡುತ್ತೇನೆ. 128ರ ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಕಳೆದುಹೋದದ್ದು ವಾಪಸ್ ಬರೋದಿಲ್ಲ, ಫೈಲ್ ದಪ್ಪ ಆಗುತ್ತದೆ ಅಷ್ಟೆ.

ಹೊರಗೆ ಮೊಬೈಲ್ ಡೇಟಾದಲ್ಲಿ ಕೇಳುವಾಗ ಸರ್ವರೇ ಫ್ಲ್ಯಾಕನ್ನು ಚಿಕ್ಕ ರೂಪವಾದ ಓಪಸ್‌ಗೋ ಎಂಪಿ3ಗೋ ಇಳಿಸಿ ಕಳಿಸುತ್ತದೆ. ಆ್ಯಪ್‌ನಲ್ಲಿ ಮಿತಿ ಹೇಳಿದರೆ ಸಾಕು. ಇದಕ್ಕೆ ಎಫ್‌ಎಫ್‌ಎಂಪೆಗ್ ಅನ್ನುವ ತಂತ್ರಾಂಶ ಸರ್ವರಿನಲ್ಲಿ ಇರಬೇಕು. 128ರಲ್ಲಿ ಗಂಟೆಗೆ 60 ಎಂಬಿಗಿಂತ ಕಡಿಮೆ ಡೇಟಾ.

ಒಂದೇ ಸಿನಿಮಾದ ಹಾಡುಗಳು ಆರು ಆಲ್ಬಂ ಆಗಿ ಒಡೆದಿವೆ! ಪಿ.ಬಿ. ಶ್ರೀನಿವಾಸ್ ನಾಲ್ಕು ಜನ ಇದ್ದಾರೆ!

ಎಲ್ಲರೂ ಇಲ್ಲಿಗೇ ಬಂದು ನಿಲ್ಲುತ್ತಾರೆ. ಬಿಟ್ಟುಬಿಡುವವರು ಬಿಡುವುದೂ ಇಲ್ಲೇ.

ಸರ್ವರ್ ನೋಡುವುದು ಫೈಲಿನ ಒಳಗೆ ಅಂಟಿಸಿದ ಚೀಟಿಯನ್ನು, ಅಂದರೆ ಟ್ಯಾಗನ್ನು. ಫೋಲ್ಡರಿನ ಹೆಸರು ನೀವು ಎಷ್ಟು ಚೆಂದ ಇಟ್ಟರೂ ಅದಕ್ಕೆ ಲಕ್ಷ್ಯವಿಲ್ಲ. ಈ ಟ್ಯಾಗ್‌ಗಳ ಲೆಕ್ಕಾಚಾರ ಹುಟ್ಟಿದ್ದು ಒಬ್ಬನೇ ಗಾಯಕ ಅಥವಾ ಒಂದೇ ಬ್ಯಾಂಡ್ ಇಡೀ ಆಲ್ಬಂ ಹಾಡುವ ಕಡೆ. ನಮ್ಮ ಸಿನಿಮಾದಲ್ಲಿ ಒಂದು ಹಾಡು ಎಸ್. ಜಾನಕಿ ಅವರದು, ಇನ್ನೊಂದು ಪಿ.ಬಿ.ಎಸ್. ಅವರದು, ಮತ್ತೊಂದು ಯುಗಳಗೀತೆ. ‘ಆಲ್ಬಂ ಆರ್ಟಿಸ್ಟ್’ ಅನ್ನೋ ಜಾಗ ಖಾಲಿ ಇದ್ದರೆ ಸರ್ವರ್ ಪ್ರತಿ ಗಾಯಕರನ್ನೂ ಒಂದೊಂದು ಬೇರೆ ಆಲ್ಬಂನ ಯಜಮಾನ ಅಂದುಕೊಳ್ಳುತ್ತದೆ. ಹಾಗಾಗಿ ಆರು ತುಂಡು.

ಪರಿಹಾರ: ಇಡೀ ಆಲ್ಬಂಗೆ ಒಂದೇ ‘ಆಲ್ಬಂ ಆರ್ಟಿಸ್ಟ್’ ಕೊಡಿ. ನಾನು ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ. ಆಗ ರಾಜನ್–ನಾಗೇಂದ್ರ ಅಂತ ಒತ್ತಿದರೆ ಅವರ ಸಿನಿಮಾಗಳೆಲ್ಲ ಸಾಲಾಗಿ ಬರುತ್ತವೆ. ನಮಗೆ ಹಾಗೆ ಹುಡುಕುವ ಅಭ್ಯಾಸ ಇದೆ ಅಲ್ವಾ? ‘ಆರ್ಟಿಸ್ಟ್’ ಜಾಗದಲ್ಲಿ ಆ ಹಾಡಿನ ಗಾಯಕರು. ಯುಗಳಗೀತೆಯಾದರೆ ಇಬ್ಬರನ್ನೂ ಬೇರೆ ಬೇರೆ ಮೌಲ್ಯವಾಗಿ ಕೊಡಿ. ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ತುಂಬಿದರೆ ಆ ಜೋಡಿಯೇ ಮೂರನೇ ಗಾಯಕ ಆಗಿಬಿಡುತ್ತದೆ.

ನಾಲ್ಕು ಶ್ರೀನಿವಾಸರ ಕಥೆ ಕಾಗುಣಿತದ್ದು. ಇನಿಷಿಯಲ್ ಮಧ್ಯೆ ಚುಕ್ಕೆ ಇದ್ದದ್ದು ಒಬ್ಬರು, ಇಲ್ಲದ್ದು ಒಬ್ಬರು. ಇಂಗ್ಲಿಷಿನಲ್ಲಿ ಎರಡು ‘ಇ’ ಹಾಕಿದ್ದು ಮೂರನೆಯವರು, ಒಂದು ‘ಐ’ ಹಾಕಿದ್ದು ನಾಲ್ಕನೆಯವರು. ನನ್ನ ಸಂಗ್ರಹದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಂಬತ್ತು ಮಂದಿ ಇದ್ದರು! ಒಂದು ಹಾಳೆಯಲ್ಲಿ ಪ್ರತಿ ಗಾಯಕರಿಗೂ ಒಂದು ಕಾಗುಣಿತ ಬರೆದಿಟ್ಟುಕೊಂಡು ಅದಕ್ಕೆ ಕಟ್ಟುಬೀಳಿ. ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್, ಲಿನಕ್ಸ್‌ನಲ್ಲಿ ಕಿಡ್3 ಚೆನ್ನಾಗಿವೆ. ನೂರು ಫೈಲ್ ಒಟ್ಟಿಗೆ ಆರಿಸಿ ಒಂದೇ ಏಟಿಗೆ ಬದಲಿಸಬಹುದು. ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಹಾಡನ್ನು ಕೇಳಿ ತಾನೇ ಗುರುತಿಸುತ್ತದೆ, ಆದರೆ ನನ್ನ ಹಳೇ ಕನ್ನಡ ಆಲ್ಬಂಗಳಲ್ಲಿ ಅರ್ಧಕ್ಕರ್ಧ ಅದಕ್ಕೆ ಗುರುತು ಸಿಗಲಿಲ್ಲ. ಕೈಯಿಂದಲೇ ಮಾಡಬೇಕು.

ಹಿಂದೂಸ್ತಾನಿ ಕೇಳುವವರಿಗೆ ಇನ್ನೊಂದು ಉಪಾಯ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆಗಳಿಗೆ ‘ಜಾನರ್’ (ಸಂಗೀತದ ಪ್ರಕಾರ) ಜಾಗದಲ್ಲಿ ರಾಗದ ಹೆಸರು ಹಾಕಿದ್ದೇನೆ. ಸಂಜೆ ಮಾರ್ವಾ ಅಂತ ಒತ್ತಿದರೆ ನನ್ನಲ್ಲಿರುವ ಮಾರ್ವಾಗಳೆಲ್ಲ ಬರುತ್ತವೆ. ದೊಡ್ಡ ಆ್ಯಪ್‌ಗಳಲ್ಲಿ ಇದನ್ನು ಹೀಗೆ ಜೋಡಿಸಿಕೊಳ್ಳಲು ಆಗುವುದಿಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದಾ?

ಟ್ಯಾಗ್ ಕನ್ನಡದಲ್ಲಿ ಬರೆಯಿರಿ, ಚೆನ್ನಾಗಿ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಲಿನಕ್ಸ್‌ನ ಕಪ್ಪು ಪರದೆಯಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತದೆ. ಏನಾದರೂ ಕೆಟ್ಟ ದಿನ ಚೌಕಗಳ ಮಧ್ಯೆ ಫೈಲ್ ಹುಡುಕೋದು ಶಿಕ್ಷೆ.

ಹಿಂದೆ ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಯಾರಾದರೂ ಟ್ಯಾಗ್ ಬರೆದಿದ್ದರೆ ಅದು ಅರ್ಥವಿಲ್ಲದ ಅಕ್ಷರಗಳ ಗೊಂಚಲಾಗಿ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಇನ್ನೊಂದು ಸೂಕ್ಷ್ಮ: ‘ಕೊ’ ಅನ್ನುವುದನ್ನು ಯುನಿಕೋಡ್‌ನಲ್ಲಿ ಎರಡು ಥರ ಇಡಬಹುದು, ಒಂದೇ ಗುಣಿತ ಚಿಹ್ನೆಯಾಗಿ ಅಥವಾ ಎರಡು ಚಿಹ್ನೆ ಜೋಡಿಸಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕಣ್ಣೆದುರೇ ಇರುವ ‘ಕೊಳಲು’ ಹುಡುಕಿದರೆ ಸಿಗದಿದ್ದರೆ ಇದೇ ಕಾರಣ ಇರಬಹುದು. ಅಳಿಸಿ ಹೊಸದಾಗಿ ಟೈಪ್ ಮಾಡಿ.

ಕ್ಯಾಸೆಟ್‌ನಿಂದ ಹೇಗೆ ಇಳಿಸೋದು?

ಕಾಯುವ ಕೆಲಸ ಇದು. ಅರವತ್ತು ನಿಮಿಷದ ಕ್ಯಾಸೆಟ್‌ಗೆ ಅರವತ್ತು ನಿಮಿಷವೇ ಬೇಕು, ಅಡ್ಡದಾರಿ ಇಲ್ಲ.

ಮಲೆನಾಡಿನವರು ಮೊದಲು ಬೂಷ್ಟು ನೋಡಿ. ಕ್ಯಾಸೆಟ್‌ನ ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಬಿಳಿ ಪುಡಿ ಕಂಡರೆ ಹಾಕಬೇಡಿ. ಅದು ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಬಿಸಿಲು ಇಲ್ಲದ, ಒಣಗಿದ ಜಾಗದಲ್ಲಿ ಕೆಲವು ದಿನ ಇಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೇರೆಯದೇ ಹಳೇ ಪ್ಲೇಯರಿನಲ್ಲಿ ಹಿಂದೆ ಮುಂದೆ ಸುತ್ತಿ, ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಹೆಡ್ ಒರೆಸುತ್ತಾ ಇರಬೇಕು. ಅಪ್ಪನ ಡಬ್ಬದಲ್ಲಿ ಹನ್ನೊಂದು ಇಂಥವು ಇದ್ದವು. ಎರಡು ಉಳಿಯಲಿಲ್ಲ.

ಪ್ಲೇಯರಿನ ಬೆಲ್ಟ್ ಸಡಿಲವಾಗಿದ್ದರೆ ಭಾಗವತರು ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಬೆಲ್ಟ್ ಬದಲಿಸಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವವರು ಇನ್ನೂ ಒಬ್ಬಿಬ್ಬರು ಸಿಗುತ್ತಾರೆ.

ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಜೋಡಿಸಬೇಡಿ. ಬಹಳಷ್ಟರಲ್ಲಿ ಅದು ಒಂದೇ ಚಾನೆಲ್‌ನದು, ಧ್ವನಿ ಒಡೆಯುತ್ತದೆ. ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ಆಡಾಸಿಟಿ ಅನ್ನುವ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಇರಲಿ. ಚಂಡೆ ಯಾವಾಗ ಬೀಳುತ್ತದೋ ಹೇಳಲಾಗದು, ಸ್ವಲ್ಪ ಜಾಗ ಬಿಟ್ಟಿರಬೇಕು.

ಗುಸುಗುಸು ತೆಗೆಯುವ ನಾಯ್ಸ್ ರಿಡಕ್ಷನ್ ಇದೆ. ಅತ್ಯಂತ ಕಡಿಮೆ ಬಳಸಿ, ಅಥವಾ ಬಳಸಲೇಬೇಡಿ. ಅಜ್ಜಿಯ ಕ್ಯಾಸೆಟ್‌ಗೆ ನಾನು ಮೊದಲು ಜೋರಾಗಿ ಬಳಸಿದ್ದೆ. ಹಸೆಗೆ ಕರೆಯುವ ಹಾಡು, ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು, ಕೊಟ್ಟಿಗೆಯಿಂದ ಒಂದು ಗಂಟೆ, ಒಳಗಿನಿಂದ ಯಾರೋ "ಚಾ ಆತು" ಅನ್ನುವುದು. ನಾಯ್ಸ್ ರಿಡಕ್ಷನ್ ಮಳೆಯನ್ನು ಅಳಿಸಿತು, ಜೊತೆಗೆ ಅಜ್ಜಿಯ ಉಸಿರನ್ನೂ ಅಳಿಸಿತು. ಆಯಿ (ಅಮ್ಮ) ಕೇಳಿ "ಇದು ನಮ್ಮನೆ ಥರ ಇಲ್ಲ" ಅಂದಳು. ಹಾಗೇ ಇಳಿಸಿದ ಮೂಲ ಫೈಲ್ ಉಳಿಸಿಕೊಂಡಿದ್ದೆ, ಬಚಾವಾದೆ. ನೀವೂ ಮೂಲವನ್ನು ಮುಟ್ಟದೆ ಇಡಿ.

ಇದೆಲ್ಲ ಕಾನೂನು ಪ್ರಕಾರ ಸರಿನಾ?

ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಖಾಸಗಿ, ಸ್ವಂತ ಬಳಕೆಗೆ ನ್ಯಾಯಯುತ ಉಪಯೋಗವನ್ನು ಒಪ್ಪುತ್ತದೆ. ನಾನು ಕೊಂಡ ಸಿಡಿಯನ್ನು ನನ್ನ ಮನೆಯವರು ಕೇಳಲೆಂದು ಇಳಿಸುವುದು ಆ ಮಿತಿಯೊಳಗೆ ಅಂತ ನನ್ನ ತಿಳಿವಳಿಕೆ. ಆದರೆ ಊರಿಗೆಲ್ಲ ಲಿಂಕ್ ಹಂಚಿದರೆ, ಹೋಟೆಲಿನಲ್ಲಿ ಹಾಕಿದರೆ ಅದು ಖಾಸಗಿ ಅಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಂದ ಗ್ರಾಮಫೋನ್ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಅದರಲ್ಲಿರುವ ಸಾಹಿತ್ಯದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡು 60 ವರ್ಷದವರೆಗೆ ಇರುತ್ತದೆ.

ಬೆಂಗಳೂರಿನಲ್ಲಿ ಕೂತು ಊರ ಮನೆಯ ಹಾಡು ಕೇಳಬಹುದಾ?

ಕೇಳಬಹುದು. ತಮ್ಮ ಬಿಎಂಟಿಸಿ ಬಸ್ಸಿನಲ್ಲಿ ಕೇಳುತ್ತಾನೆ. ಆದರೆ ರೂಟರಿನಲ್ಲಿ ಪೋರ್ಟ್ ತೆರೆದು ಇಡೀ ಜಗತ್ತಿಗೆ ಬಾಗಿಲು ತೆಗೆಯಬೇಡಿ. ಹೇಗೂ ಈಗ ಬಹಳ ಫೈಬರ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಇರುತ್ತದೆ, ಪೋರ್ಟ್ ತೆರೆದರೂ ಕೆಲಸ ಆಗೋದಿಲ್ಲ.

ಟೇಲ್‌ಸ್ಕೇಲ್ ಹಾಕಿ. ಇದು ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗದ (ವಿಪಿಎನ್) ತಂತ್ರದ ಮೇಲೆ ಕಟ್ಟಿದ್ದು, ಮನೆ ಬಳಕೆಗೆ ಉಚಿತ ಪ್ಲಾನ್ ಇದೆ. ಸರ್ವರಿನಲ್ಲೊಂದು, ಫೋನಿನಲ್ಲೊಂದು ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಎರಡೂ ಒಂದೇ ಮನೆಯಲ್ಲಿದ್ದಂತೆ ಮಾತಾಡುತ್ತವೆ.

ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಸಿಡಿಲು ಬೇರೆ.

ಲ್ಯಾಪ್‌ಟಾಪ್‌ನ ಬ್ಯಾಟರಿ ಇಪ್ಪತ್ತು ನಿಮಿಷ ತಡೆದರೂ ದೊಡ್ಡದು, ಅದೇ ಯುಪಿಎಸ್. ಡೆಸ್ಕ್‌ಟಾಪ್ ಆದರೆ ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯಾ ನೋಡಿ. ಆ ಮೋಡ್‌ನಲ್ಲಿ ಬೇಗ ಬದಲಾಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗೋದಿಲ್ಲ. ಡೆಸ್ಕ್‌ಟಾಪ್‌ನ ಮೂಲ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ‘ಕರೆಂಟ್ ಬಂದಾಗ ತಾನೇ ಶುರುವಾಗು’ ಅನ್ನುವ ಆಯ್ಕೆಯೂ ಇರುತ್ತದೆ.

ಸಿಡಿಲಿಗೆ ಒಂದೇ ಮದ್ದು, ಪ್ಲಗ್ ಕೀಳೋದು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ನಮ್ಮಲ್ಲಿ ಮೊದಲು ಕೀಳುವುದು ರೂಟರಿನ ಅಡಾಪ್ಟರ್. ಫೈಬರ್ ತಂತಿ ಗಾಜಿನದು, ಅದರಲ್ಲಿ ಸಿಡಿಲು ಹರಿಯೋದಿಲ್ಲ, ಆದರೆ ಕರೆಂಟಿನ ತಂತಿಯಲ್ಲಿ ಬಂದದ್ದು ರೂಟರನ್ನು ಸುಟ್ಟು ಲ್ಯಾನ್ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೂ ಬರಬಹುದು. ಒಂದು ವರ್ಷ ನಮ್ಮ ಲ್ಯಾನ್ ಪೋರ್ಟ್ ಹಾಗೇ ಹೋಯಿತು. ಈಗ ಯುಎಸ್‌ಬಿಯ ಲ್ಯಾನ್ ಅಡಾಪ್ಟರ್ ಹಾಕಿಕೊಂಡು ಓಡುತ್ತಿದೆ.

ಬ್ಯಾಕಪ್ ಬೇಕಾ?

ಬೇಕು. ಹಾಡು ಒಂದೇ ಕಡೆ ಇದ್ದರೆ ಇಲ್ಲ ಅಂತಲೇ ಲೆಕ್ಕ. ಪ್ರತಿ ಭಾನುವಾರ ಆರ್‌ಸಿಂಕ್ ಅನ್ನುವ ತಂತ್ರಾಂಶ ಇನ್ನೊಂದು ಡಿಸ್ಕ್‌ಗೆ ನಕಲು ಮಾಡುತ್ತದೆ. ಮೂರನೇ ಪ್ರತಿ ಸಾಗರದಲ್ಲಿ ಅಕ್ಕನ ಮನೆಯ ಕಪಾಟಿನಲ್ಲಿದೆ, ಹಬ್ಬಕ್ಕೆ ಹೋದಾಗ ಬದಲಿಸುತ್ತೇನೆ. ನ್ಯಾವಿಡ್ರೋಮ್‌ನ ಡೇಟಾಬೇಸ್ ಫೈಲನ್ನೂ ಸೇರಿಸಿ, ಪ್ಲೇಲಿಸ್ಟ್‌ಗಳು ಅದರೊಳಗಿವೆ.

ಫೋನ್ ಬಳಸಲು ಬಾರದ ಹಿರಿಯರು ಕೇಳೋದು ಹೇಗೆ?

ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಅಪ್ಪನಿಗೆ 76. ಆ್ಯಪ್ ತೋರಿಸಿದೆ, "ಅಕ್ಷರ ಕಾಣ್ತಿಲ್ಲ" ಅಂದರು. ದೊಡ್ಡದು ಮಾಡಿ ತೋರಿಸಿದೆ, "ಬೇಡ ಮಾರಾಯ" ಅಂದರು.

ಆಮೇಲೆ ಹೀಗೆ ಮಾಡಿದೆ. ಲ್ಯಾಪ್‌ಟಾಪಿನ ಇಯರ್‌ಫೋನ್ ರಂಧ್ರದಿಂದ ಹಳೇ ಆಂಪ್ಲಿಫಯರಿಗೆ ತಂತಿ ಎಳೆದೆ. ಗುಂಯ್ ಅನ್ನುವ ಸದ್ದು ಬಂತು. ಎರಡು ಯಂತ್ರಗಳ ಪ್ಲಗ್ ಬೇರೆ ಬೇರೆ ಕಡೆ ಇದ್ದದ್ದೇ ಕಾರಣ, ಒಂದೇ ಬೋರ್ಡಿಗೆ ಹಾಕಿದಾಗ ಹೋಯಿತು. ಸರ್ವರಿನಲ್ಲೇ ಎಂಪಿಡಿ ಅನ್ನುವ ಪುಟ್ಟ ಪ್ಲೇಯರ್ ಹಾಕಿದೆ, ಅದೂ ನ್ಯಾವಿಡ್ರೋಮ್ ನೋಡುವ ಫೋಲ್ಡರನ್ನೇ ನೋಡುತ್ತದೆ. ಯುಎಸ್‌ಬಿಗೆ ಅಂಕಿಗಳು ಮಾತ್ರ ಇರುವ ಒಂದು ಚಿಕ್ಕ ಕೀಪ್ಯಾಡ್ ಚುಚ್ಚಿದೆ. ಟ್ರಿಗರ್‌ಹ್ಯಾಪಿ ಅನ್ನುವ ತಂತ್ರಾಂಶ ಪ್ರತಿ ಅಂಕಿಗೂ ಒಂದು ಆಜ್ಞೆ ಕಟ್ಟಿಕೊಡುತ್ತದೆ. 1 ಒತ್ತಿದರೆ ಬೆಳಗಿನ ಭಜನೆ. 2 ದಾಸರ ಪದ. 4 ಅಜ್ಜಿಯ ಹಾಡು, ಅದು ಆಯಿಯ ಗುಂಡಿ. 7 ತಾಳಮದ್ದಳೆ. 0 ಒತ್ತಿದರೆ ನಿಲ್ಲುತ್ತದೆ. ಅಪ್ಪ ಪ್ರತಿ ಗುಂಡಿಯ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ತಾವೇ ಪೆನ್ನಿನಲ್ಲಿ ಬರೆದರು. ಏಳರ ಪ್ಲಾಸ್ಟರ್ ಸವೆದು ಈಗ ಮೂರನೆಯದು.

0 ಮಾತ್ರ ಹೊಸದರ ಹಾಗೇ ಇದೆ. ಊಟಕ್ಕೆ ಎದ್ದಾಗ ಅವರು ಆಂಪ್ಲಿಫಯರಿನ ವಾಲ್ಯೂಮ್ ಗುಂಡಿ ತಿರುಗಿಸಿ ಹೋಗುತ್ತಾರೆ, ಒಳಗೊಳಗೇ ಅರ್ಥಧಾರಿಗಳ ವಾದ ಬೆಳಗಿನವರೆಗೆ ನಡೆಯುತ್ತಿರುತ್ತದೆ. ಹೇಳಿ ನೋಡಿದೆ, ಪ್ರಯೋಜನ ಆಗಲಿಲ್ಲ. ರಾತ್ರಿ ಹತ್ತೂವರೆಗೆ ತಾನೇ ನಿಲ್ಲುವಂತೆ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದಿದ್ದೇನೆ.